ಕಣಿವೆಯ ಹೆಸರಿಗೆ ಯಜಮಾನರು ಯಾರು?

ಪ್ರಶ್ನೆ: ಕೆನಡಾದ ನೋವಾ ಸ್ಕೋಷಾ ಪ್ರಾಂತ್ಯದಲ್ಲಿ ಸ್ಕಾಟ್ಲೆಂಡ್ ಮೂಲದವರು ಕಿಲ್ಟ್ ತೊಟ್ಟು, ಬ್ಯಾಗ್‌ಪೈಪ್ ನುಡಿಸುತ್ತ ಸಂಭ್ರಮಿಸುವುದನ್ನು ನೋಡಿದ್ದೇನೆ. ಅದೇ ಪ್ರಾಂತ್ಯದ ವಿಸ್ಕಿಯೊಂದರ ಹೆಸರಿನಲ್ಲಿ ‘ಗ್ಲೆನ್’ ಎಂಬ ಪದವಿದೆ ಎಂಬ ಕಾರಣಕ್ಕೆ ಸ್ಕಾಟ್ಲೆಂಡ್‌ನ ತಯಾರಕರು ವರ್ಷಗಟ್ಟಲೆ ವ್ಯಾಜ್ಯ ನಡೆಸಿದರಂತೆ. ಅಜ್ಜಂದಿರು ತಂದ ಮಾತನ್ನು ಮೊಮ್ಮಕ್ಕಳು ಬಳಸಬಾರದೆ?

ಉತ್ತರ: ನೀವು ಕೇಳುತ್ತಿರುವುದು ಕೇಪ್ ಬ್ರೆಟನ್ ದ್ವೀಪದ ಗ್ಲೆನ್‌ವಿಲ್ ಎಂಬಲ್ಲಿರುವ ಗ್ಲೆನೋರಾ ಡಿಸ್ಟಿಲರಿಯ ‘ಗ್ಲೆನ್ ಬ್ರೆಟನ್’ ವಿಸ್ಕಿಯ ವಿಷಯ. ನೋವಾ ಸ್ಕೋಷಾ ಎಂದರೆ ಲ್ಯಾಟಿನ್‌ನಲ್ಲಿ ‘ಹೊಸ ಸ್ಕಾಟ್ಲೆಂಡ್’ ಎಂದೇ ಅರ್ಥ. 1773ರಲ್ಲಿ ‘ಹೆಕ್ಟರ್’ ಎಂಬ ಹಡಗು ಹೈಲ್ಯಾಂಡ್ಸ್ ಗುಡ್ಡಗಾಡಿನ ವಲಸಿಗರನ್ನು ಪಿಕ್ಟೌನಲ್ಲಿ ಇಳಿಸಿತು. ಅಲ್ಲಿಂದಾಚೆಗೆ ಬಂದ ಕುಟುಂಬಗಳು ಗೇಲಿಕ್ ಮಾತು, ಪಿಟೀಲಿನ ಮಟ್ಟು, ಊರಿನ ಹೆಸರು ಎಲ್ಲವನ್ನೂ ಜೊತೆಗೇ ತಂದವು. ಅಲ್ಲಿನ ಆಂಟಿಗೊನಿಷ್‌ನಲ್ಲಿ ಹೈಲ್ಯಾಂಡ್ ಕ್ರೀಡೋತ್ಸವ ಆರಂಭವಾದದ್ದು 1863ರಲ್ಲಿ. ‘ಗ್ಲೆನ್’ ಎಂಬುದೂ ಗೇಲಿಕ್‌ನಿಂದ ಬಂದ ಪದ, ಅರ್ಥ ‘ಕಣಿವೆ’ ಎಂದಷ್ಟೇ. ಆದುದರಿಂದ ಗ್ಲೆನೋರಾದವರು ಹೆಸರನ್ನು ಕದ್ದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಆದರೆ ಸ್ಕಾಟ್ಲೆಂಡ್‌ನ ತಯಾರಕರ ಸಂಘವಾದ ಸ್ಕಾಚ್ ವಿಸ್ಕಿ ಅಸೋಸಿಯೇಷನ್ನಿನ ವಾದ ಪೂರ್ವಿಕರ ಕುರಿತದ್ದಾಗಿರಲಿಲ್ಲ, ಅಂಗಡಿಯ ಕಪಾಟಿನ ಕುರಿತದ್ದಾಗಿತ್ತು. ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್, ಗ್ಲೆನ್‌ಮೊರಾಂಜಿ ಎಂದು ಸಾಲಾಗಿ ನಿಂತ ಸೀಸೆಗಳ ನಡುವೆ ಗ್ಲೆನ್ ಬ್ರೆಟನ್ ಕಂಡರೆ ಗಿರಾಕಿ ಅದನ್ನೂ ಸ್ಕಾಚ್ ಎಂದೇ ತಿಳಿಯುತ್ತಾನೆ ಎಂಬುದು ಅವರ ದೂರು. ಸ್ಕಾಟ್ಲೆಂಡ್‌ನಲ್ಲೇ ಭಟ್ಟಿ ಇಳಿಸಿ, ಅಲ್ಲೇ ಕನಿಷ್ಠ 3 ವರ್ಷ ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ್ದಕ್ಕೆ ಮಾತ್ರ ಸ್ಕಾಚ್ ಎಂಬ ಹೆಸರು ಸಲ್ಲುತ್ತದೆ. ಈ ಕಟ್ಟಳೆಯನ್ನು ಪಾಲಿಸುವವರಿಗೆ ತಮ್ಮ ಹೆಸರಿನ ಬಗ್ಗೆ ಆತಂಕವಾಗುವುದು ಸಹಜವೇ. ಗ್ಲೆನೋರಾದವರಾದರೋ ಸೀಸೆಯ ಚೀಟಿಯ ಮೇಲಿದ್ದ ಕೆಂಪು ಮೇಪಲ್ ಎಲೆಯತ್ತ ಬೆರಳು ತೋರಿದರು. ಕೆನಡಾದ ಟ್ರೇಡ್‌ಮಾರ್ಕ್ ಮಂಡಳಿ 2007ರಲ್ಲಿ ಅವರ ಪರ ನಿಂತಿತು. 2008ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ತಿರುಗಿಸಿತು. 2009ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಮತ್ತೆ ಗ್ಲೆನೋರಾದ ಪರವಾಗಿ ತೀರ್ಪಿತ್ತಿತು. ಅದೇ ವರ್ಷದ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗೆ ಅನುಮತಿ ನಿರಾಕರಿಸಿದ್ದರಿಂದ ವ್ಯಾಜ್ಯ ಮುಗಿಯಿತು. ಗಮನಿಸಬೇಕಾದದ್ದೆಂದರೆ, ಗ್ಲೆನೋರಾ ಗೆದ್ದದ್ದು ವಂಶಾವಳಿಯ ಬಲದಿಂದಲ್ಲ; ‘ಗ್ಲೆನ್’ ಎಂಬ ಬಿಡಿ ಪದವನ್ನೇ ವ್ಯಾಪಾರದಲ್ಲಿ ಸ್ಕಾಚ್ ವಿಸ್ಕಿಯ ಹೆಸರಾಗಿ ಬಳಸುತ್ತಾರೆ ಎಂಬುದಕ್ಕೆ ಸಾಕ್ಷ್ಯ ಸಾಲಲಿಲ್ಲ ಎಂಬ ಕಾರಣದಿಂದ.

ಇದೇ ಪದ ಜರ್ಮನಿಯಲ್ಲಿ ಸೋತಿತು. ಶ್ವಾಬಿಯಾ ಪ್ರದೇಶದ ಬರ್ಗ್‌ಲೆನ್ ಎಂಬ ಊರಿನ ಚಿಕ್ಕ ಡಿಸ್ಟಿಲರಿಯೊಂದು ತನ್ನ ವಿಸ್ಕಿಗೆ ‘ಗ್ಲೆನ್ ಬುಖೆನ್‌ಬಾಖ್’ ಎಂದು ಹೆಸರಿಟ್ಟಿತ್ತು. ಅದು ಊರಿನ ಮತ್ತು ಬುಖೆನ್‌ಬಾಖ್ ಕಣಿವೆಯ ಹೆಸರುಗಳನ್ನು ಹೆಣೆದ ಶ್ಲೇಷೆ, ಜರ್ಮನಿಯಲ್ಲಿ ತಯಾರಾದದ್ದು ಎಂದು ಚೀಟಿಯಲ್ಲೂ ಬರೆದಿತ್ತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರ ಜೂನ್‌ನಲ್ಲಿ, ಹೆಸರನ್ನು ನೋಡಿದೊಡನೆ ಸಾಮಾನ್ಯ ಗ್ರಾಹಕನ ಮನಸ್ಸಿಗೆ ಸ್ಕಾಚ್ ವಿಸ್ಕಿಯೇ ಬರುತ್ತದೆಯೇ ಎಂಬುದನ್ನು ಪರಿಶೀಲಿಸಬೇಕು, ಹಾಗೆ ಬರುವುದಾದರೆ ಚೀಟಿಯಲ್ಲಿ ನಿಜವಾದ ಊರನ್ನು ನಮೂದಿಸಿದ್ದರೂ ಪ್ರಯೋಜನವಿಲ್ಲ ಎಂದಿತು. ಮುಂದಿನ ವರ್ಷ ಹ್ಯಾಂಬರ್ಗ್ ನ್ಯಾಯಾಲಯ ಆ ಹೆಸರನ್ನು ನಿಷೇಧಿಸಿತು. ಸೊಗಸಾದ ಶ್ಲೇಷೆ ಹಾಳಾಯಿತಲ್ಲ ಎಂದು ನನಗೆ ಸ್ವಲ್ಪ ಬೇಸರವೇ ಆಯಿತೆನ್ನಿ.

ಈ ಜಗಳ ಹೊರದೇಶಕ್ಕೆ ಹೋಗುವ ಮೊದಲು ಸ್ಕಾಟ್ಲೆಂಡ್‌ನೊಳಗೇ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಗ್ಲೆನ್‌ಲಿವೆಟ್ ಎಂಬ ಹೆಸರಿಗೆ ಬೆಲೆ ಬಂದಾಗ, ಲಿವೆಟ್ ನದಿಯ ಕಣಿವೆಯಿಂದ ಬಹುದೂರವಿದ್ದ ಡಿಸ್ಟಿಲರಿಗಳೂ ಅದನ್ನು ತಗಲಿಸಿಕೊಂಡವು. ಸ್ಕಾಟ್ಲೆಂಡ್‌ನಲ್ಲಿ ಅದರಷ್ಟು ಉದ್ದದ ಕಣಿವೆ ಬೇರೊಂದಿಲ್ಲ ಎಂದು ಜನ ನಗೆಯಾಡುತ್ತಿದ್ದರು. ಕೊನೆಗೆ 1884ರಲ್ಲಿ, ‘ದಿ ಗ್ಲೆನ್‌ಲಿವೆಟ್’ ಎಂಬುದು ಸ್ಮಿತ್ ಮನೆತನದ ಡಿಸ್ಟಿಲರಿಗೆ ಮಾತ್ರ, ಉಳಿದವರು ತಮ್ಮ ಹೆಸರಿನ ಜೊತೆಗೆ ಅಡ್ಡಗೆರೆ ಹಾಕಿ ಸೇರಿಸಿಕೊಳ್ಳಬಹುದು ಎಂದು ರಾಜಿಯಾಯಿತು.

ಪ್ರಶ್ನೆ: ಯಾವ ಸಂಬಂಧವೂ ಇಲ್ಲದವರು ಸ್ಕಾಟ್ಲೆಂಡ್‌ನ ಒಂದು ಕುಲದ ಟಾರ್ಟನ್ ಎಂಬ ಚೌಕಳಿ ಬಟ್ಟೆ ತೊಡಬಹುದೆ?

ಉತ್ತರ: ತೊಡಬಹುದು, ತಡೆಯುವ ಕಾನೂನಿಲ್ಲ. ಒಂದೊಂದು ಕುಲಕ್ಕೆ ಒಂದೊಂದು ಚೌಕಳಿ ಎಂಬ ಕಟ್ಟುನಿಟ್ಟು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ್ದು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಭೇಟಿಯಿತ್ತ ಮೇಲೆ ಅದಕ್ಕೆ ಹುರುಪು ಬಂತು. 2008ರ ಕಾಯ್ದೆಯಂತೆ ಈಗ ಅಧಿಕೃತ ಟಾರ್ಟನ್ ದಾಖಲೆ ಇದೆ. ಲೋಕದ ಯಾವ ಮೂಲೆಯವರೂ ಹೊಸ ವಿನ್ಯಾಸ ದಾಖಲಿಸಬಹುದು. ಆದರೆ ಇಡುವ ಹೆಸರಿಗೂ ತಮಗೂ ನಂಟಿದೆ ಎಂದು ತೋರಿಸಬೇಕು, ಕುಲದ ಹೆಸರಾದರೆ ಮುಖ್ಯಸ್ಥರ ಒಪ್ಪಿಗೆ ಬೇಕು. ಹಾಗೆ ದಾಖಲಿಸಿದ ಮಾತ್ರಕ್ಕೆ ಒಡೆತನ ಬರುವುದಿಲ್ಲ.

ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಬಟ್ಟೆಯ ವಿಷಯ ಹಾಗಲ್ಲ. 1993ರ ಕಾಯ್ದೆಯ ಪ್ರಕಾರ ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು, ಅಂತಿಮ ಸಂಸ್ಕಾರ ಎಲ್ಲವೂ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ನಡೆಯಬೇಕು, ನೇಯ್ಗೆಯನ್ನಂತೂ ದ್ವೀಪವಾಸಿಗಳು ತಮ್ಮ ಮನೆಯಲ್ಲೇ ಕೈಯಿಂದ ಮಾಡಬೇಕು. ಅಮೆರಿಕಕ್ಕೆ ವಲಸೆ ಹೋದ ಹ್ಯಾರಿಸ್‌ನ ನೇಕಾರನೊಬ್ಬ ಅಲ್ಲಿ ಅದೇ ಕೈಯಿಂದ ನೇಯ್ದರೂ ಅದು ಹ್ಯಾರಿಸ್ ಟ್ವೀಡ್ ಅಲ್ಲ.

ಪ್ರಶ್ನೆ: ನನ್ನ ಸ್ನೇಹಿತರ ಅಡ್ಡಹೆಸರು ಮ್ಯಾಕ್‌ಡೊನಾಲ್ಡ್. ‘ನಿಮ್ಮ ಮನೆತನದ ಲಾಂಛನ’ ಎಂದು ಮುದ್ರಿಸಿದ ಲೋಟವೊಂದನ್ನು ಕೊಂಡಿದ್ದಾರೆ. ಅದು ನಿಜವೆ?

ಉತ್ತರ: ಲೋಟ ನಿಜ, ‘ನಿಮ್ಮ’ ಎಂಬುದು ನಿಜವಲ್ಲ. ಸ್ಕಾಟ್ಲೆಂಡ್‌ನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಸೇರಿದ್ದು, ಅಡ್ಡಹೆಸರಿಗಲ್ಲ. ಇದನ್ನು ನೋಡಿಕೊಳ್ಳಲು ಲಾರ್ಡ್ ಲಯನ್ ಎಂಬ ಅಧಿಕಾರಿಯ ನ್ಯಾಯಾಲಯವೇ ಇದೆ, 1672ರ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಬೇರೆಯವರ ಲಾಂಛನವನ್ನು ತನ್ನದೆಂಬಂತೆ ಬಳಸುವುದು ಅಲ್ಲಿ ಅಪರಾಧ. ಆದರೆ ಆ ಅಧಿಕಾರ ಸ್ಕಾಟ್ಲೆಂಡ್‌ನ ಗಡಿ ದಾಟುವುದಿಲ್ಲ, ಆದ್ದರಿಂದ ಹೊರದೇಶಗಳಲ್ಲಿ ಲೋಟದ ವ್ಯಾಪಾರ ನಿರಾತಂಕವಾಗಿ ಸಾಗಿದೆ. ನಿಮ್ಮ ಸ್ನೇಹಿತರಿಗೆ ನ್ಯಾಯವಾಗಿ ಸಲ್ಲುವುದು ಬೇರೊಂದಿದೆ. ಕುಲದ ಮುಖ್ಯಸ್ಥರ ಲಾಂಛನದ ಶಿಖರಚಿಹ್ನೆಯನ್ನು ಬಕಲ್ ಇರುವ ಬೆಲ್ಟಿನ ಚಿತ್ರದೊಳಗೆ ಕೂರಿಸಿದ ಬಿಲ್ಲೆಯನ್ನು ಕುಲದ ಯಾರು ಬೇಕಾದರೂ ಟೋಪಿಗೆ ಸಿಕ್ಕಿಸಿಕೊಳ್ಳಬಹುದು. ಬಿಲ್ಲೆಯ ಹಿಂದೆ ಹದ್ದಿನ ಮೂರು ಗರಿಗಳನ್ನು ಮಾತ್ರ ಸಿಕ್ಕಿಸುವಂತಿಲ್ಲ. ಅವು ಮುಖ್ಯಸ್ಥರಿಗೆ ಮೀಸಲು.