ಗೊಂಬೆ ನೋಡಲು ಬರುವ ಮಕ್ಕಳಿಗೆ ಕಾಗದದ ಪುಟಾಣಿ ಉಡುಗೊರೆ: ಡಬ್ಬಿ, ಒಗಟಿನ ಪುಸ್ತಕ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ದಸರಾ ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿಯ, ಅಂದರೆ ಬೊಂಬೆ ಬಾಗಿನದ, ಜೊತೆ ಮಕ್ಕಳ ಕೈಗೆ ಪ್ಲಾಸ್ಟಿಕ್ ಆಟಿಕೆಯ ಬದಲು ಮನೆಯಲ್ಲೇ ಮಾಡಿದ ಕಾಗದದ ವಸ್ತು ಕೊಡಬೇಕು. ಏಳು ಮತ್ತು ಹತ್ತು ವರ್ಷದ ನಿಮ್ಮ ಮಕ್ಕಳೂ ಕೈಜೋಡಿಸಬೇಕು. ಆದರೆ ದಪ್ಪ ಕಾಗದ ಮಡಿಸಿದಲ್ಲಿ ಬಿರಿಯುತ್ತದೆ, ಚೌಕ ಡಬ್ಬಿಗೆ ಮುಚ್ಚಳ ಕೂರುವುದಿಲ್ಲ. ಇಷ್ಟೇ ತಾನೆ?

ಮೊದಲು ಬಿರಿಯುವ ವಿಚಾರ. ಕಾರ್ಖಾನೆಯಲ್ಲಿ ಕಾಗದ ಯಂತ್ರದ ಮೇಲೆ ಓಡುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಬಾಳೆಪಟ್ಟೆ ಉದ್ದಕ್ಕೆ ಸಲೀಸಾಗಿ ಸೀಳಿ ಅಡ್ಡಕ್ಕೆ ಹಟ ಮಾಡುವಂತೆ, ಕಾಗದವೂ ನಾರಿನ ಗುಂಟ ಮಡಿಸಿದರೆ ಮಾತು ಕೇಳುತ್ತದೆ, ಅಡ್ಡ ಮಡಿಸಿದರೆ ಬಿರಿಯುತ್ತದೆ. ಹಾಳೆಯನ್ನು ಮಡಿಸದೆ, ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗಿದಾಗ ಬಾಗು ಯಾವ ಗುಂಟ ಬಂತೋ ಅದೇ ನಾರಿನ ದಿಕ್ಕು. ಹಳೆಯ ಲಗ್ನಪತ್ರಿಕೆ ಬಳಸುವುದಾದರೆ ಇದನ್ನು ನೋಡದೆ ಕತ್ತರಿ ಹಾಕಬೇಡಿ. ಮಡಿಸುವ ಗೆರೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಗೀರಿದ ಮೇಲೆಯೇ ಮಡಿಸಿ. ಮಡಿಕೆಯನ್ನು ಚಮಚದ ಬೆನ್ನಿನಿಂದ ಉಜ್ಜಿದರೆ ಅಂಗಡಿಯ ಮಾಲಿನಷ್ಟು ಚೂಪಾಗಿ ಕೂರುತ್ತದೆ.

ಇನ್ನು ಡಬ್ಬಿ. ನೀವು ಮಾಡುತ್ತಿರುವುದು ಜಪಾನಿನ ಮಾಸು. ಅಲ್ಲಿ ಅಕ್ಕಿ ಅಳೆಯುತ್ತಿದ್ದ ಮರದ ಪೆಟ್ಟಿಗೆಯ ಹೆಸರೇ ಅದಕ್ಕೂ ಬಂದಿದೆ. 10 ಸೆಂ.ಮೀ. ಚೌಕದಿಂದ ಮಡಿಸಿದರೆ ಸುಮಾರು 3.5 ಸೆಂ.ಮೀ. ಅಗಲ, 1.8 ಸೆಂ.ಮೀ. ಎತ್ತರದ ಡಬ್ಬಿ ಬರುತ್ತದೆ. ಮುಚ್ಚಳಕ್ಕೂ ಅದೇ ಅಳತೆಯ ಹಾಳೆ ತೆಗೆದುಕೊಂಡರೆ ಅದು ಕೂರುವುದಾದರೂ ಹೇಗೆ? ಮುಚ್ಚಳದ ಚೌಕ 10.4 ಸೆಂ.ಮೀ. ಇರಲಿ. ಆ ನಾಲ್ಕು ಮಿಲಿಮೀಟರ್ ಡಬ್ಬಿಯ ಅಗಲದಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಸಡಿಲ ಕೊಡುತ್ತದೆ. ಕಾಗದ ಸ್ವಲ್ಪ ದಪ್ಪವಿದ್ದರೆ 10.6 ಮಾಡಿ. ಲಗ್ನಪತ್ರಿಕೆಯ ದಪ್ಪ ಇದಕ್ಕೆ ಬೇಡವೇ ಬೇಡ. ಹಳೆಯ ಕ್ಯಾಲೆಂಡರ್ ಹಾಳೆ, ಪತ್ರಿಕೆಯ ಬಣ್ಣದ ಪುಟ ಸಾಕು. ಒಳಗೆ ಕಲ್ಲುಸಕ್ಕರೆ ಹಾಕುವುದಾದರೆ ಬಟರ್ ಪೇಪರಿನಲ್ಲಿ ಸುತ್ತಿಡಿ, ಇಲ್ಲದಿದ್ದರೆ ಮಕ್ಕಳಿಗಿಂತ ಮೊದಲು ಇರುವೆಗಳು ಗೊಂಬೆ ನೋಡಲು ಬರುತ್ತವೆ. ಚೆಂಡುಹೂವಿನ ಬೀಜ ಹಾಕಿದರೆ ಆ ಚಿಂತೆಯೂ ಇಲ್ಲ.

ಆದರೆ ನನ್ನನ್ನು ಕೇಳಿದರೆ ಬೆಂಕಿಪೊಟ್ಟಣದ ಪುಸ್ತಕವೇ ಮೇಲು. ಖಾಲಿ ಪೊಟ್ಟಣದ ಟ್ರೇಯ ಒಳಗನ್ನು ಅಳೆಯಿರಿ. 47 × 32 ಮಿ.ಮೀ. ಇದ್ದರೆ ಪುಟ 45 × 30 ಇರಲಿ. ಹಾಗಾದರೆ ಹಾಳೆ 120 × 90 ಮಿ.ಮೀ. ಬೇಕು, ಒಂದು ಎ4 ಜೆರಾಕ್ಸ್ ಹಾಳೆಯಲ್ಲಿ ಇಂಥ ನಾಲ್ಕು ತುಂಡು ಬರುತ್ತವೆ. ತುಂಡನ್ನು ಉದ್ದಕ್ಕೆ ಅರ್ಧ ಮಡಿಸಿ ಬಿಚ್ಚಿ. 120ರ ಬದಿಯನ್ನು ನಾಲ್ಕು ಸಮಭಾಗವಾಗಿ ಮಡಿಸಿ ಬಿಚ್ಚಿ. ಈಗ ಎಂಟು ಮನೆಗಳು ಕಾಣುತ್ತವೆ. ನಡುವಿನ ಉದ್ದ ಗೆರೆಯ ಮೇಲೆ, ಎರಡು ತುದಿಯ ಮನೆಗಳನ್ನು ಬಿಟ್ಟು, ಮಧ್ಯದ 60 ಮಿ.ಮೀ. ಮಾತ್ರ ಸೀಳಿ. ಮತ್ತೆ ಉದ್ದಕ್ಕೆ ಮಡಿಸಿ ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ಸೀಳು ಬಾಯಿ ಬಿಡುತ್ತದೆ. ಪುಟಗಳನ್ನು ಒಂದರ ಮೇಲೊಂದು ಸುತ್ತಿದರೆ ಎಂಟು ಪುಟದ ಪುಸ್ತಕ. ಹೊಲಿಗೆಯೂ ಇಲ್ಲ, ಅಂಟೂ ಇಲ್ಲ. ಸೀಳುವ ಕೆಲಸ ನಿಮ್ಮದು, ಮಡಿಸುವುದು ಹಿರಿಯ ಮಗುವಿನದು, ಚಿತ್ರ ಚಿಕ್ಕದರದು.

ಬರೆಯುವುದೇನು? ಒಗಟು. ಹೊದಿಕೆಯ ನಂತರ ಒಂದು ಪುಟದಲ್ಲಿ “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ”, ಪುಟ ತಿರುಗಿಸಿದರೆ ಒಂದು ಮಲ್ಲಿಗೆಯ ಚಿತ್ರ. ಒಂದು ಪುಸ್ತಕಕ್ಕೆ ಮೂರು ಒಗಟು ಹಿಡಿಯುತ್ತವೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರೇ ಸಂಪಾದಕರು.

ಪೊಟ್ಟಣಕ್ಕೆ ಬಣ್ಣದ ಕಾಗದ ಸುತ್ತುವಾಗ ಬದಿಯ ಉಜ್ಜುವ ಪಟ್ಟಿಗಳನ್ನೂ ಪೂರ್ತಿ ಮುಚ್ಚಿ, ಅದು ಗಂಧಕದ ಕಡ್ಡಿಯ ಜೋಡಿ. ಅಂಟಿಗೆ ಫೆವಿಕಾಲ್ ಸಾಕು, ಟೂತ್‌ಪಿಕ್ಕಿನ ತುದಿಯಷ್ಟೇ. ಹೆಚ್ಚಾದರೆ ತೆಳು ಕಾಗದ ಸುಕ್ಕುಗಟ್ಟುತ್ತದೆ. ಕೆಲವರು ಮೈದಾ ಅಂಟಿಗೆ ಹುಳ ಬರದಿರಲೆಂದು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳ ಕೈಗೆ ಹೋಗುವ ವಸ್ತುವಿಗೆ ಸಲ್ಲದು. ಮಿನುಗುಪುಡಿಯೂ ಬೇಡ ಎನ್ನುತ್ತೇನೆ. ದೀಪಾವಳಿಯವರೆಗೂ ನೆಲದಲ್ಲಿ ಸಿಗುತ್ತಿರುತ್ತದೆ. ಮೂರು ವರ್ಷದೊಳಗಿನ ಮಕ್ಕಳು ಬಂದರೆ ಬೀಜ, ಕಲ್ಲುಸಕ್ಕರೆಯ ಡಬ್ಬಿಯನ್ನು ಅಮ್ಮನ ಕೈಗೆ ಕೊಡಿ.

ಹತ್ತು ಬಗೆ ಮಾಡಲು ಹೋಗಬೇಡಿ. ಒಂದೇ ಮಾದರಿ ಆರಿಸಿ, ಒಂದು ದಿನ ಕತ್ತರಿಸುವುದು, ಇನ್ನೊಂದು ದಿನ ಮಡಿಸುವುದು ಎಂದಿಟ್ಟುಕೊಳ್ಳಿ. ಉಳಿದ ಚೂರುಗಳಲ್ಲಿ ಗೊಂಬೆ ಸಾಲಿನ ಶೆಟ್ಟಿ–ಶೆಟ್ಟಮ್ಮನ ಅಂಗಡಿಗೆ ಪುಟ್ಟ ಮೂಟೆಗಳನ್ನು ಮಾಡಬಹುದು. ಮುಚ್ಚಳ ಇನ್ನೂ ತಕರಾರು ಮಾಡಿದರೆ ಕಾಗದದ ಫೋಟೊ ಇಲ್ಲಿ ಹಾಕಿ, ದಪ್ಪ ನೋಡಿ ಅಳತೆ ಹೇಳುತ್ತೇನೆ.