ಬೈಕ್ ಸವಾರರ ಖರೀದಿ ಮತ್ತು ಗಡಿಯ ಸುಂಕ

ಪ್ರಶ್ನೆ: ನೆರೆಯ ದೇಶದಲ್ಲಿ ಕೊಂಡ ಹೆಲ್ಮೆಟ್ಟನ್ನು ಧರಿಸಿ, ಬೈಕಿಗೆ ಹೊಸ ಟೈರುಗಳನ್ನೂ ಹಾಕಿಸಿಕೊಂಡು ಮರಳಿದರೆ, ಅವು ಈಗಾಗಲೇ ಬಳಕೆಯಲ್ಲಿವೆ ಎಂಬ ಕಾರಣಕ್ಕೆ ಕಸ್ಟಮ್ಸ್‌ನಲ್ಲಿ ಘೋಷಿಸದೆ ಇರಬಹುದೇ?

ಉತ್ತರ: ಇರಬಾರದು. ವಸ್ತು ಚೀಲದಲ್ಲಿದೆಯೇ, ಮೈಮೇಲಿದೆಯೇ ಅಥವಾ ವಾಹನಕ್ಕೇ ಜೋಡಣೆಯಾಗಿದೆಯೇ ಎಂಬುದು ಇಲ್ಲಿ ಮುಖ್ಯವಲ್ಲ. ಅದನ್ನು ಹೊರದೇಶದಲ್ಲಿ ಕೊಂಡಿದ್ದೀರಿ ಎಂಬುದೇ ಮುಖ್ಯ.

ವಿನಾಯಿತಿಯ ಮಿತಿ, ಅಂದರೆ ಸುಂಕ ಕಟ್ಟದೆ ತರಬಹುದಾದ ಖರೀದಿಯ ಗರಿಷ್ಠ ಮೌಲ್ಯ, ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ. ಕೆನಡಾದ ನಿವಾಸಿಗಳಿಗೆ ಅದು ಹೊರಗೆ ಕಳೆದ ಅವಧಿಯನ್ನು ಅವಲಂಬಿಸಿದೆ. ಯುರೋಪಿಯನ್ ಒಕ್ಕೂಟವನ್ನು ಹೊರಗಿನಿಂದ ವಿಮಾನ ಅಥವಾ ಹಡಗಿನಲ್ಲಿ ಪ್ರವೇಶಿಸುವ ವಯಸ್ಕರಿಗೆ 430 ಯೂರೊ ಮಿತಿಯಿದ್ದರೆ, ರಸ್ತೆಯಲ್ಲಿ ಬರುವ ಸವಾರರಿಗೆ ಅದು 300 ಯೂರೊ ಮಾತ್ರ. ಅಲ್ಲದೆ, ಒಂದೇ ವಸ್ತುವಿನ ಬೆಲೆಯನ್ನು ಸವಾರ ಮತ್ತು ಹಿಂಬದಿ ಸವಾರರ ನಡುವೆ ಹಂಚಿ ತೋರಿಸುವಂತಿಲ್ಲವಾದ್ದರಿಂದ, 400 ಯೂರೊ ಬೆಲೆಯ ಒಂದು ಜಾಕೆಟ್ಟಿನ ಪೂರ್ಣ ಮೌಲ್ಯಕ್ಕೂ ತೆರಿಗೆ ಅನ್ವಯಿಸುತ್ತದೆ. ಇದನ್ನು ಅನೇಕರು ಗಮನಿಸುವುದಿಲ್ಲ.

ರಸೀದಿಗಳು ಮಳೆಗೆ ನೆನೆಯದಂತೆ, ಕೂಡಲೇ ಕೈಗೆ ಸಿಗುವ ಟ್ಯಾಂಕ್ ಬ್ಯಾಗಿನಲ್ಲಿರಲಿ. ಮನೆಯಿಂದಲೇ ಒಯ್ದ ದುಬಾರಿ ಕ್ಯಾಮೆರಾ ಅಥವಾ ಉಡುಪಿನ ಹಳೆಯ ರಸೀದಿಯೂ ಜೊತೆಗಿದ್ದರೆ, ಅದು ಹೊಸ ಖರೀದಿಯಲ್ಲವೆಂದು ತೋರಿಸುವುದು ಸುಲಭ. ಅಧಿಕಾರಿ ತಪಾಸಣೆ ಆರಂಭಿಸುವ ಮೊದಲೇ, ಎಲ್ಲ ಖರೀದಿಗಳನ್ನೂ ನೀವಾಗಿಯೇ ತಿಳಿಸಿ.