ನಿಂತ ಮರಕ್ಕೆ ಬೆಲೆ ಕಟ್ಟುವವರು ಯಾರು?

ಸರ್ಕಾರಿ ನಾಟಾ ಸಂಗ್ರಹಾಲಯದಲ್ಲಿದ್ದು ನಿವೃತ್ತರಾದ ಸಾಗರದ ಓದುಗರೊಬ್ಬರು ಬರೆದಿದ್ದಾರೆ: ‘ಕೆನಡಾದ ಮರಕ್ಕೆ ಅಮೆರಿಕ ಶೇ 45ರಷ್ಟು ಸುಂಕ ಹಾಕಿದೆಯಂತೆ. ಅಲ್ಲಿನ ಸರ್ಕಾರ ಕಾಡಿನ ಮರವನ್ನು ಅಗ್ಗಕ್ಕೆ ಕೊಡುತ್ತಿದೆ ಎಂಬುದು ದೂರು. ನಮ್ಮ ಡಿಪೊಗಳಲ್ಲಿ ದಿಮ್ಮಿಗಳನ್ನು ಲಾಟು ಮಾಡಿ ಹರಾಜಿಗೆ ಇಡುತ್ತಿದ್ದೆವು. ಹರಾಜಿನಲ್ಲಿ ನಿಂತ ಬೆಲೆಯೇ ಬೆಲೆ. ಅವರೂ ಹಾಗೆ ಮಾಡಿದರೆ ತಕರಾರೇ ಇರುವುದಿಲ್ಲವಲ್ಲ? ಕಟ್ಟಿಸಿಕೊಂಡ ಸುಂಕ ಕೊನೆಗೆ ಯಾರಿಗೆ ಸೇರುತ್ತದೆ?’

ಮಾನ್ಯರೇ,

ಹರಾಜನ್ನು ಅವರು ಮಾಡಿ ನೋಡಿದ್ದಾರೆ. ಆದರೂ ತಕರಾರು ನಿಂತಿಲ್ಲ. ಈ ಜಗಳದ ಒಳಗುಟ್ಟು ಇರುವುದೇ ಅಲ್ಲಿ.

ಕೆನಡಾದ ಕಾಡಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಸರ್ಕಾರದ್ದು, ಅದರಲ್ಲಿಯೂ ಹೆಚ್ಚಿನದು ಪ್ರಾಂತ್ಯಗಳ ಕೈಯಲ್ಲಿದೆ. ಮಿಲ್ಲಿನ ಕಂಪನಿಗಳು ಕಡಿಯುವ ಹಕ್ಕು ಪಡೆದು, ನಿಂತ ಮರಕ್ಕೆ ಪ್ರಾಂತ್ಯ ಗೊತ್ತುಪಡಿಸಿದ ಶುಲ್ಕವನ್ನು ಕಟ್ಟುತ್ತವೆ. ಇದಕ್ಕೆ ಅಲ್ಲಿ ‘ಸ್ಟಂಪೇಜ್’ ಎನ್ನುತ್ತಾರೆ. ಅಮೆರಿಕದಲ್ಲಿ ಮಿಲ್ಲಿಗೆ ಬರುವ ಮರದಲ್ಲಿ ಬಹುಪಾಲು ಖಾಸಗಿ ಜಮೀನಿನದು. ಮಾಲೀಕ ಒಪ್ಪಿದ ಬೆಲೆಗೆ ವ್ಯಾಪಾರ. ಹಾಗಾಗಿ ಅಲ್ಲಿನ ಮಿಲ್ಲಿನವರು, ಸರ್ಕಾರ ನಿಗದಿ ಮಾಡಿದ ಬೆಲೆ ಎಂದರೆ ಸಬ್ಸಿಡಿಯೇ ಎಂದು ವಾದಿಸುತ್ತಾರೆ.

ಮೊದಲ ದೂರು 1982ರಲ್ಲಿ ದಾಖಲಾಯಿತು. ಸುಂಕ ಹಾಕುವಂಥ ಸಬ್ಸಿಡಿ ಏನೂ ಇಲ್ಲ ಎಂದು ಅಮೆರಿಕದ ವಾಣಿಜ್ಯ ಇಲಾಖೆಯೇ 1983ರಲ್ಲಿ ಹೇಳಿತು. ಮೂರು ವರ್ಷದ ನಂತರ, ಹೆಚ್ಚು ಕಡಿಮೆ ಅದೇ ಪದ್ಧತಿಯನ್ನು ನೋಡಿ ಅದೇ ಇಲಾಖೆ ಶೇ 15ರಷ್ಟು ಸಬ್ಸಿಡಿ ಇದೆ ಎಂಬ ಪ್ರಾಥಮಿಕ ತೀರ್ಮಾನಕ್ಕೆ ಬಂತು. ಅಂದಿನಿಂದ ಇಂದಿನವರೆಗೆ ದೂರು, ಸುಂಕ, ಮೇಲ್ಮನವಿ, ಒಪ್ಪಂದ, ಒಪ್ಪಂದದ ಅವಧಿ ಮುಗಿದೊಡನೆ ಮತ್ತೆ ದೂರು. ಈಗ ನಡೆಯುತ್ತಿರುವುದು ಐದನೆಯ ಸುತ್ತು. 2016ರ ನವೆಂಬರ್‌ನಲ್ಲಿ ಶುರುವಾದದ್ದು. 2025ರ ಆಗಸ್ಟ್‌ನಲ್ಲಿ ಹೆಚ್ಚಿನ ಕಂಪನಿಗಳಿಗೆ ಎರಡು ಬಗೆಯ ಸುಂಕ (ಸಬ್ಸಿಡಿಯನ್ನು ಸರಿದೂಗಿಸಲು ಒಂದು, ನ್ಯಾಯವಲ್ಲದ ಅಗ್ಗದ ಬೆಲೆಗೆ ಮಾರಿದ್ದಕ್ಕೆ ಇನ್ನೊಂದು) ಸೇರಿ ಶೇ 35.19 ಆಯಿತು. ಅಕ್ಟೋಬರ್ 14ರಿಂದ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಇನ್ನೂ ಶೇ 10 ಸೇರಿತು. ನೀವು ಓದಿದ ಶೇ 45 ಇದೇ.

ಇನ್ನು ನಿಮ್ಮ ಹರಾಜಿನ ಮಾತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2003ರಲ್ಲಿ ದೊಡ್ಡ ಕಂಪನಿಗಳ ಕಡಿತದ ಹಕ್ಕಿನಲ್ಲಿ ಒಂದು ಭಾಗವನ್ನು ಹಿಂದಕ್ಕೆ ಪಡೆಯಿತು. ವರ್ಷದ ಕಡಿತದಲ್ಲಿ ಸುಮಾರು ಐದನೇ ಒಂದು ಪಾಲನ್ನು ಬಹಿರಂಗ ಹರಾಜಿಗೆ ಇಟ್ಟು, ಅಲ್ಲಿ ಬಂದ ಬೆಲೆಯ ಆಧಾರದ ಮೇಲೆ ಉಳಿದ ಕಾಡಿನ ಶುಲ್ಕವನ್ನು ಲೆಕ್ಕ ಹಾಕುವ ಪದ್ಧತಿ ತಂದಿತು. ನೀವು ಹೇಳುವ ವ್ಯವಸ್ಥೆಗೆ ಇದಕ್ಕಿಂತ ಹತ್ತಿರದ್ದು ಇನ್ನೇನಿದೆ? ಅಮೆರಿಕದ ಇಲಾಖೆ ಒಪ್ಪಲಿಲ್ಲ. ಹರಾಜಿಗೆ ಬರುವವರೂ ಅವೇ ಕಂಪನಿಗಳ ನೆರಳಿನಲ್ಲಿರುವವರು, ಆದ್ದರಿಂದ ಆ ಬೆಲೆಯೂ ಬಾಗಿದ್ದೇ ಎಂದಿತು. ಬದಲಿಗೆ ಬ್ರಿಟಿಷ್ ಕೊಲಂಬಿಯಾದ ಮರವನ್ನು ಗಡಿಯಾಚೆಯ ವಾಷಿಂಗ್ಟನ್ ರಾಜ್ಯದ ದಿಮ್ಮಿಯ ಬೆಲೆಯೊಂದಿಗೆ ಹೋಲಿಸಿತು. ಆಲ್ಬರ್ಟಾದ ಮರಕ್ಕೆ ಅಳತೆಗೋಲಾದದ್ದು ನೋವಾ ಸ್ಕೋಶಿಯಾದ ಖಾಸಗಿ ಕಾಡಿನ ಬೆಲೆ! ಒಂದು ರಾಕಿ ಪರ್ವತಗಳ ಮಗ್ಗುಲಿನಲ್ಲಿದೆ, ಇನ್ನೊಂದು ಅಟ್ಲಾಂಟಿಕ್ ದಂಡೆಯಲ್ಲಿ. ಮರದ ದಪ್ಪ, ಗುಡ್ಡದ ಇಳಿಜಾರು, ಕಾಡಿನ ದಾರಿ, ಮಿಲ್ಲಿಗಿರುವ ದೂರ ಇವೆಲ್ಲ ಬೆಲೆಯನ್ನು ಹೇಗೆ ಏರಿಳಿಸುತ್ತವೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಈ ಹೋಲಿಕೆಗಳು ಸರಿಯಲ್ಲ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ 2020ರ ಆಗಸ್ಟ್‌ನಲ್ಲಿ ಹೇಳಿತು. ಅಮೆರಿಕ ಮೇಲ್ಮನವಿ ಸಲ್ಲಿಸಿತು. ಅದನ್ನು ಕೇಳಬೇಕಾದ ಪೀಠದಲ್ಲಿ ಸದಸ್ಯರೇ ಇಲ್ಲ. ತೀರ್ಪು ಅಲ್ಲಿಯೇ ಬಿದ್ದಿದೆ.

ಕೆನಡಾದ ಕೈ ಪೂರ್ತಿ ಚೊಕ್ಕ ಎಂದು ನಾನು ಹೇಳುವುದಿಲ್ಲ. ದಿಮ್ಮಿಗಳ ರಫ್ತಿಗೆ ಅದು ಕಡಿವಾಣ ಹಾಕಿದೆ. ಹೊರಗಿನ ಕೊಳ್ಳುವವರು ಬರದಿದ್ದರೆ ಒಳಗಿನ ಬೆಲೆ ತಗ್ಗುವುದು ಸಹಜ. ಆದರೆ ಅಮೆರಿಕವೂ ಪಶ್ಚಿಮದ ತನ್ನ ಫೆಡರಲ್ ಕಾಡುಗಳ ದಿಮ್ಮಿ ರಫ್ತನ್ನು 1990ರ ಕಾನೂನಿನಿಂದ ನಿಷೇಧಿಸಿದೆ.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ದೂರು ಮರದ ಬೆಲೆಯ ಮೇಲೆ, ಕಣ್ಣು ಮಾರುಕಟ್ಟೆಯ ಪಾಲಿನ ಮೇಲೆ. ಒಪ್ಪಂದಗಳನ್ನೇ ನೋಡಿ. 1996ರದ್ದು ನಾಲ್ಕು ಪ್ರಾಂತ್ಯಗಳಿಂದ ವರ್ಷಕ್ಕೆ 1,470 ಕೋಟಿ ಬೋರ್ಡ್ ಅಡಿ (ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಂಗುಲ ದಪ್ಪದ ಹಲಗೆಯ ಅಳತೆ) ಮರವನ್ನು ಮಾತ್ರ ಶುಲ್ಕವಿಲ್ಲದೆ ಬಿಟ್ಟಿತು. 2006ರ ಒಪ್ಪಂದದಲ್ಲಿ ಸಾವಿರ ಬೋರ್ಡ್ ಅಡಿಯ ಬೆಲೆ 355 ಡಾಲರ್‌ಗಿಂತ ಮೇಲಿದ್ದರೆ ಯಾವ ಅಡ್ಡಿಯೂ ಇಲ್ಲ; ಬೆಲೆ ಇಳಿದರೆ ಮಾತ್ರ ರಫ್ತು ಶುಲ್ಕ, ಪ್ರಮಾಣದ ಮಿತಿ. ಸಬ್ಸಿಡಿಯೇ ನಿಜವಾದ ನೋವಾಗಿದ್ದರೆ ಬೆಲೆ ಏರಿದಾಗ ಅದು ಹೇಗೆ ಮಾಯವಾಗುತ್ತದೆ?

ಹಣದ ಪ್ರಶ್ನೆ. ಮೊದಲಿನ ಆ ಎರಡು ಬಗೆಯ ಸುಂಕಕ್ಕೆ ಗಡಿಯಲ್ಲಿ ಕಟ್ಟುವುದು ಠೇವಣಿ. ಅಂತಿಮ ದರ ಗೊತ್ತಾಗುವುದು ಎಷ್ಟೋ ಕಾಲದ ನಂತರ. ಕಟ್ಟುವವರು ಬಹಳ ಮಟ್ಟಿಗೆ ಕೆನಡಾದ ಮಿಲ್ಲಿನವರೇ. ಹಲಗೆಯ ಬೆಲೆಯ ಮೂಲಕ ಅದರಲ್ಲಿ ಒಂದು ಪಾಲನ್ನು ಅಮೆರಿಕದಲ್ಲಿ ಮನೆ ಕಟ್ಟಿಸುವವರೂ ತೆರುತ್ತಾರೆ. ಅಲ್ಲಿನ ಮನೆ ಕಟ್ಟುವವರ ಸಂಘವೇ ಸುಂಕಕ್ಕೆ ವಿರೋಧವಾಗಿರುವುದು ಅದಕ್ಕೇ. 2006ರಲ್ಲಿ ಇಂಥ ಠೇವಣಿ 500 ಕೋಟಿ ಡಾಲರ್ ದಾಟಿತ್ತು. ರಾಜಿಯಲ್ಲಿ ಸುಮಾರು 400 ಕೋಟಿ ಕೆನಡಾಕ್ಕೆ ವಾಪಸಾಯಿತು. 100 ಕೋಟಿ ಅಮೆರಿಕದಲ್ಲಿಯೇ ಉಳಿಯಿತು. ಅದರಲ್ಲಿ ಅರ್ಧ ದೂರು ಕೊಟ್ಟ ಮಿಲ್ಲುಗಳ ಕೂಟಕ್ಕೆ ಹೋಯಿತು. ದೂರು ಕೊಟ್ಟವರಿಗೇ ಹಣ ಸಿಕ್ಕರೆ ದೂರು ನಿಲ್ಲುವುದಾದರೂ ಹೇಗೆ?

ವೆಸ್ಟ್ ಫ್ರೇಸರ್, ಕ್ಯಾನ್‌ಫರ್‌ನಂಥ ಕೆನಡಾದ ದೊಡ್ಡ ಕಂಪನಿಗಳು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮಿಲ್ಲುಗಳನ್ನು ಕೊಂಡು ಸುಂಕದ ಆಚೆ ದಡ ಸೇರಿವೆ. ಪೈನ್ ಮರ ಕೊರೆಯುವ ದುಂಬಿಯಿಂದಲೂ ಕಾಳ್ಗಿಚ್ಚಿನಿಂದಲೂ ಮೊದಲೇ ಬಸವಳಿದ ಬ್ರಿಟಿಷ್ ಕೊಲಂಬಿಯಾದ ಒಳನಾಡಿನ ಊರುಗಳಿಗೆ ಆ ದಾರಿ ಇಲ್ಲ. ಅಲ್ಲಿ ಒಂದು ಮಿಲ್ಲು ಮುಚ್ಚಿದರೆ ಲಾರಿಯವರು, ಗ್ಯಾರೇಜಿನವರು, ಅಂಗಡಿಯವರು ಎಲ್ಲರ ಸಂಪಾದನೆಯೂ ನಿಲ್ಲುತ್ತದೆ. 2025ರ ಆಗಸ್ಟ್‌ನಲ್ಲಿ ಕೆನಡಾ ಸರ್ಕಾರ ಘೋಷಿಸಿದ 120 ಕೋಟಿ ಕೆನಡಿಯನ್ ಡಾಲರ್ ನೆರವಿನಲ್ಲಿ 70 ಕೋಟಿ ಸಾಲದ ಖಾತರಿಗೆ ಮೀಸಲು. ಆ ನೆರವನ್ನೇ ಹೊಸ ಸಬ್ಸಿಡಿ ಎಂದು ಮುಂದಿನ ದೂರಿನಲ್ಲಿ ಬರೆಯಲು ಅವಕಾಶವಂತೂ ಇದ್ದೇ ಇದೆ.

— ಸಂಪಾದಕ